ಲಾಯದ ಕೊನೆಯ ಕಮಾನು

ಟೈಲರಮ್ಮನಿಗೆ ತನ್ನ ಓರಗಿತ್ತಿಯನ್ನು ಕಂಡರೆ ಆಗುತ್ತಿರಲಿಲ್ಲ. ಆಗುತ್ತಿರಲಿಲ್ಲ ಅಂದರೆ ಕಡಿಮೆಯಾಯಿತು. ಆ ಹೆಂಗಸು ಕೆಮ್ಮಿದರೂ ತನ್ನನ್ನು ಕೆಣಕಲೆಂದೇ ಕೆಮ್ಮಿದಳು ಅನ್ನಿಸುತ್ತಿತ್ತು ಇವಳಿಗೆ. ಎರಡು ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಹೊಲಿಗೆ ಯಂತ್ರ, ಆ ಕಡೆ ಇಸ್ತ್ರಿ ಮೇಜು. ಒಂದು ಕಾಲದಲ್ಲಿ ಇವಳು ಹೊಲಿದದ್ದಕ್ಕೆ ಅವಳು ಇಸ್ತ್ರಿ ಹಾಕಿ, ಗಿರಾಕಿಯನ್ನು ಇಬ್ಬರೂ ಸೇರಿಯೇ ಕಳಿಸುತ್ತಿದ್ದರು. ಒಂದು ದಿನ ಓರಗಿತ್ತಿ ಯಾರದೋ ಮದುವೆ ಕೋಟಿನ ಕಾಲರ್ ಸುಟ್ಟಳು. ಸುಟ್ಟದ್ದಲ್ಲದೆ, ಹೊಲಿಗೆಯೇ ಸೊಟ್ಟಗಿತ್ತು ಎಂದು ಗಿರಾಕಿಯ ಮುಂದೆ ಅಂದುಬಿಟ್ಟಳು. ಅಲ್ಲಿಂದ ಮಾತು ನಿಂತಿತು. ಜಗಳ ಮಾತ್ರ ನಿಲ್ಲಲಿಲ್ಲ.

ಇಬ್ಬರೂ ಇದ್ದದ್ದು ಕುದುರೆ ಲಾಯದಲ್ಲಿ. ನಗಬೇಡಿ, ನಿಜವಾದ ಲಾಯವೇ. ಊರಿನ ಟ್ರಾಮ್ ಗಾಡಿಗಳನ್ನು ಕುದುರೆಗಳು ಎಳೆಯುತ್ತಿದ್ದ ಕಾಲದಲ್ಲಿ ಕಟ್ಟಿದ ಉದ್ದನೆಯ ಇಟ್ಟಿಗೆ ಕಟ್ಟಡ, ಸಾಲಾಗಿ ಕಮಾನುಗಳು. ಕುದುರೆ ಹೋಗಿ, ಟ್ರಾಮೂ ಹೋಗಿ, ಕಮಾನುಗಳೊಳಗೆ ಗೋಣಿಚೀಲ, ಮುರಿದ ಕುರ್ಚಿ, ಹಳೆ ಟೈರುಗಳು ಬಂದು ಸೇರಿದವು. ಕೊನೆಯ ಕಮಾನಂತೂ ಯಾವಾಗಲೋ ಕುಸಿದು ಇಟ್ಟಿಗೆಯ ಗುಡ್ಡೆಯಾಗಿತ್ತು. ಆ ಗುಡ್ಡೆಯನ್ನು ಬಾಡಿಗೆಗೆ ಹಿಡಿದ ಪುಣ್ಯಾತ್ಮ ಟೈಲರಮ್ಮನ ಗಂಡ, ಗಾರೆ ಕೆಲಸದವನು. ಆಗ ಮದುವೆಯಾದ ಹೊಸತು. ಬಿದ್ದ ಇಟ್ಟಿಗೆಗಳನ್ನೇ ಕೆರೆದು ತೊಳೆದು, ಸುಣ್ಣದ ಗಾರೆ ಅರೆದು, ಪಕ್ಕದ ಕಮಾನನ್ನು ನೋಡಿ ನೋಡಿ ಅದರಂಥದ್ದೇ ಇನ್ನೊಂದನ್ನು ಎಬ್ಬಿಸಿದ. ಸಿಮೆಂಟಿನಲ್ಲಾಗಿದ್ದರೆ ಬೇಗ ಮುಗಿಯುತ್ತಿತ್ತು. ಅವನ ಮನಸ್ಸು ಒಪ್ಪಲಿಲ್ಲ. ಇಟ್ಟಿಗೆ ಎತ್ತಿ ಕೊಟ್ಟವರು ಇಬ್ಬರು ಹೊಸ ಸೊಸೆಯರು, ಇವಳು ಮತ್ತು ಓರಗಿತ್ತಿ. ಆಮೇಲೆ ಅವನ ತಮ್ಮ ಅದೇ ಗೋಡೆಗೆ ತಗಡಿನ ಶೀಟು ಒರಗಿಸಿ ತನಗೊಂದು ಗೂಡು ಮಾಡಿಕೊಂಡ. ಆ ತಮ್ಮ ಈಗಿಲ್ಲ. ಗೂಡಿದೆ, ಗೂಡಿನಲ್ಲಿ ಓರಗಿತ್ತಿ ಇದ್ದಾಳೆ.

ಟೈಲರಮ್ಮನ ಗಂಡನೂ ಈಗ ಇದ್ದೂ ಇಲ್ಲದ ಹಾಗೆ. ಲಕ್ವ ಹೊಡೆದು ಮಂಚ ಹಿಡಿದಿದ್ದ. ಮಾತು ಹೋಗಿತ್ತು, ಬುದ್ಧಿ ಎಲ್ಲಿಗೂ ಹೋಗಿರಲಿಲ್ಲ. ಎಡಗೈ ತೋರುಬೆರಳು ಎತ್ತಿದರೆ ಹೌದು, ಕಣ್ಣು ಮುಚ್ಚಿದರೆ ಅಲ್ಲ. ನೀರು ಬೇಕಾದರೆ ನಾಲಿಗೆಯಿಂದ ತುಟಿ ಸವರಿಕೊಳ್ಳುತ್ತಿದ್ದ. ಇಷ್ಟರಲ್ಲೇ ಗಂಡಹೆಂಡಿರ ಸಂಸಾರ ನಡೆಯುತ್ತಿತ್ತು. ಹಗಲೆಲ್ಲ ಅವನು ತಾನು ಕಟ್ಟಿದ ಕಮಾನನ್ನು ನೋಡುತ್ತ ಮಲಗಿರುತ್ತಿದ್ದ.

ಹೀಗಿರುವಾಗ ಜಾಗವನ್ನು ಒಬ್ಬ ಬಿಲ್ಡರ್ ಕೊಂಡ. ಹಿಂದಿನ ಬಯಲಿನಲ್ಲಿ ಎತ್ತರದ ಕಟ್ಟಡ ಬರುತ್ತದಂತೆ. ಆದರೆ ಲಾಯ ಪುರಾತನವಂತೆ, ಅದನ್ನು ಉಳಿಸಿಕೊಂಡೇ ಕಟ್ಟಬೇಕಂತೆ. ಬಿಲ್ಡರನ ಮ್ಯಾನೇಜರು ಅಂಗಳದಲ್ಲಿ ನಿಂತು ಹೇಳಿದ: "ಹಳೇದರಲ್ಲಿ ಒಂದಿಟ್ಟಿಗೆನೂ ಅಲುಗಾಡಿಸಲ್ಲ. ಆಮೇಲೆ ಸೇರಿಸಿದ್ದೆಲ್ಲ ಒಡೀತೀವಿ. ಒಡೆಸಿಕೊಂಡೋರಿಗೆ ಏನು ಅನ್ನೋದನ್ನ ಪರೀಕ್ಷೆ ಮಾಡೋ ಮೇಡಂ ಬಂದು ನೋಡಿಕೊಂಡು ಹೋದ ಮೇಲೆ ಹೇಳ್ತೀವಿ." ಟೈಲರಮ್ಮ ಮೊದಲೆರಡು ಮಾತು ಕೇಳಿಸಿಕೊಂಡಳು. ಮೂರನೆಯದಕ್ಕೆ ಅವಳ ಕಿವಿಯಲ್ಲಿ ಜಾಗವಿರಲಿಲ್ಲ. ಹಳೆಯದು ಉಳಿಯುತ್ತದೆ, ಶೀಟಿನ ಗೂಡು ಹೋಗುತ್ತದೆ, ಗೂಡಿನ ಜೊತೆ ಗೂಡಿನವಳೂ ಹೋಗುತ್ತಾಳೆ! ಆ ಸಂತೋಷಕ್ಕೆ ಅವತ್ತು ಅವಳು ಎರಡು ಸಲ ಟೀ ಕುಡಿದಳು.

ಒಂದೇ ಒಂದು ತೊಡಕು. ತನ್ನ ಕಮಾನೂ ಹಳೆಯದಲ್ಲ. ಅದನ್ನು ಬಲ್ಲವರು ಮೂವರೇ. ಒಬ್ಬನಿಗೆ ಮಾತಿಲ್ಲ, ಒಬ್ಬಳಿಗೆ ತನ್ನ ಮುಂದೆ ಬಾಯಿ ಬಿಡುವ ಧೈರ್ಯವಿಲ್ಲ, ಮೂರನೆಯವಳು ತಾನು. ಇಷ್ಟೇ ತಾನೇ ಅಂದುಕೊಂಡಳು.

ಹಳೆ ಕಟ್ಟಡಗಳನ್ನು ಪರೀಕ್ಷೆ ಮಾಡುವ ಮೇಡಂ ಬಂದಳು. ಕೈಯಲ್ಲಿ ಟಾರ್ಚು, ಪುಟ್ಟ ಸುತ್ತಿಗೆ. ಒಂದೊಂದು ಕಮಾನನ್ನೂ ಕುಟ್ಟಿ, ಕಿವಿಗೊಟ್ಟು, ಫೋಟೋ ತೆಗೆಯುತ್ತ ಕೊನೆಗೆ ಟೈಲರಮ್ಮನ ಮನೆಯೊಳಗೆ ಬಂದು ಕತ್ತೆತ್ತಿ ನಿಂತುಬಿಟ್ಟಳು. "ಎಷ್ಟು ಚೆನ್ನಾಗಿ ಕೂರಿಸಿದ್ದಾರೆ ನೋಡಿ ಇಟ್ಟಿಗೇನ! ಇಡೀ ಸಾಲಲ್ಲಿ ಇದೇ ಗಟ್ಟಿಯಾಗಿರೋದು. ಈಗಿನವರ ಕೈಲಿ ಇಂಥ ಕೆಲಸ ಆಗಲ್ಲ."

ಮಂಚದ ಮೇಲಿನ ಬೆರಳು ಮೇಲೆದ್ದಿತು.

ಗಂಡನ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಕಳೆ. ಅವನ ಕಣ್ಣು ಹೆಂಡತಿಯ ಬಾಯಿಯ ಮೇಲೇ ನೆಟ್ಟಿತ್ತು. ಜನ್ಮದಲ್ಲಿ ಅವನು ತನಗೆಂದು ಕಟ್ಟಿಕೊಂಡದ್ದು ಅದೊಂದೇ, ಉಳಿದದ್ದೆಲ್ಲ ಊರವರ ಮನೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾಯುತ್ತಿದ್ದ.

"ಆದ್ರೆ ಈ ತುದಿಯದು ಹಳೇ ಫೋಟೋದಲ್ಲಿ ಎಲ್ಲೂ ಕಾಣಿಸ್ತಿಲ್ಲ," ಎಂದಳು ಮೇಡಂ, ಫೋನು ಹಿಡಿದು ರೆಕಾರ್ಡ್ ಮಾಡಿಕೊಳ್ಳುತ್ತ. "ಇದೂ ಮೊದಲಿನದೇನಾ ಅಮ್ಮ? ಅಥವಾ ಆಮೇಲೆ ಯಾರಾದ್ರೂ ಕಟ್ಟಿದ್ದಾ?"

"ಅಯ್ಯೋ, ಅನಾದಿ ಕಾಲದ್ದು ಮೇಡಂ," ಎಂದಳು ಟೈಲರಮ್ಮ. "ನಾವು ಬಂದು ಸೇರಿಕೊಂಡದ್ದು ಅಷ್ಟೇ. ಆಗಿನ ಕಾಲದ ಯಾವನೋ ಮಹಾನುಭಾವ ಕಟ್ಟಿರಬೇಕು. ಈ ಗೋಡೆ ಆಚೆ ಇರೋ ಶೀಟಿನ ಮನೆ ಮಾತ್ರ ಮೊನ್ನೆ ಮೊನ್ನೆದು. ಅದನ್ನ ಬರಕೊಳ್ಳಿ."

ಬಾಗಿಲಲ್ಲಿ ಇಣುಕಿದ್ದ ಓರಗಿತ್ತಿಗೆ ತಡೆಯಲಾಗಲಿಲ್ಲ. "ಅಲ್ಲ ಅಕ್ಕ, ಇದು ಭಾವನೇ..."

"ನಿನ್ನನ್ನ ಯಾರೇ ಕೇಳಿದ್ರು? ಹೋಗಿ ನಿನ್ನ ಇಸ್ತ್ರಿ ನೋಡಿಕೋ, ಇನ್ನೊಬ್ಬರ ಕಾಲರ್ ಸುಟ್ಟೀಯ!"

ಓರಗಿತ್ತಿ ತುಟಿ ಕಚ್ಚಿಕೊಂಡು ಬಾಗಿಲ ಮರೆಗೆ ಸರಿದಳು. ಅತ್ತ ಮಂಚದ ಮೇಲೆ ಬೆರಳು ಇಳಿಯುವಂತಿರಲಿಲ್ಲ. ಏಳುತ್ತಿತ್ತು, ಸೋತು ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು. ಮೇಡಂ ಅದನ್ನು ನೋಡಿದಳು. "ಇವರು ಏನೋ ಹೇಳ್ತಿದ್ದಾರಲ್ಲ?"

"ನೀರು ಕೇಳ್ತಿದ್ದಾರೆ ಮೇಡಂ. ಪಾಪ, ಬುದ್ಧಿ ಅಷ್ಟಕ್ಕಷ್ಟೇ."

ಟೈಲರಮ್ಮ ಲೋಟ ತಂದು, ಗಂಡನ ತಲೆಯನ್ನು ಎತ್ತಿ ಹಿಡಿದು, ಬೇಡದ ನೀರನ್ನು ಬಾಯಿಗೆ ಹೊಯ್ದಳು. ಅವನು ನುಂಗಲಿಲ್ಲ. ನೀರು ಗದ್ದದಿಂದಿಳಿದು ಕುತ್ತಿಗೆ, ದಿಂಬು ಎಲ್ಲ ತೊಯ್ದವು. ಅವಳು ಟವೆಲ್ಲಿನಿಂದ ಒರೆಸಿ, "ನಿಮಗೋಸ್ಕರನೇ ಕಣ್ರೀ," ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಓರಗಿತ್ತಿಗೋಸ್ಕರವಾಗಿತ್ತು, ಅದು ಮೂವರಿಗೂ ಗೊತ್ತಿತ್ತು.

ಮುಂದಿನ ತಿಂಗಳು ಮ್ಯಾನೇಜರು ನಗುನಗುತ್ತ ಬಂದು ಓರಗಿತ್ತಿಯ ಕೈಗೆ ಒಂದು ಬೀಗದ ಕೈ ಕೊಟ್ಟ. ಹೊಸ ಮನೆ ಆಗುವವರೆಗೆ ಬಿಲ್ಡರನ ಖರ್ಚಿನಲ್ಲಿ ಬಾಡಿಗೆ ಮನೆ. ಆದ ಮೇಲೆ ಎರಡನೆಯ ಮಹಡಿಯಲ್ಲಿ ಸ್ವಂತದ್ದು. ಟೈಲರಮ್ಮನಿಗೆ ಮನೆ ಖಾಲಿ ಮಾಡಲು ಹೇಳಿದ.

"ನಂದು ಹಳೇದಲ್ವಾ ಸಾರ್? ಹಳೇದು ಉಳಿಯುತ್ತೆ ಅಂದಿದ್ರಿ."

"ಉಳಿಯುತ್ತಲ್ಲಮ್ಮ, ಗೋಡೆ ಉಳಿಯುತ್ತೆ. ಒಡೆಯೋ ಮನೆಗೆ ಬದಲಿ ಮನೆ ಕೊಡ್ತೀವಿ. ಒಡೆಯದೇ ಇರೋದಕ್ಕೆ ಬದಲಿ ಏನು ಕೊಡೋದು? ಲೆಕ್ಕಕ್ಕೆ ಇದು ಲಾಯ, ಮನೆ ಅಲ್ಲ. ಇಲ್ಲಿ ಕುದುರೆ ನಿಲ್ಲಿಸ್ತೀವಿ."

"ಕುದುರೆನಾ?"

"ಫೈಬರ್‌ದು. ನೋಡೋಕೆ ಬರೋರಿಗೆ. ನಿಮ್ಮ ಒಲೆ ಇದೆಯಲ್ಲ, ಅಲ್ಲಿ ಅದರ ಹುಲ್ಲಿನ ತೊಟ್ಟಿ ಬರುತ್ತೆ."

ಮರುದಿನವೇ ಟೈಲರಮ್ಮ ಮೇಡಂ ಇದ್ದಲ್ಲಿಗೆ ಹೋಗಿ ಕಾಲು ಹಿಡಿದು, ಕರೆದುಕೊಂಡೇ ಬಂದಳು. ಹಿಂದೆಯೇ ಮ್ಯಾನೇಜರೂ ಬಂದ. "ಸುಳ್ಳು ಹೇಳಿದೆ ಮೇಡಂ. ಇದನ್ನ ಕಟ್ಟಿದ್ದು ನನ್ನ ಗಂಡ. ಒಡೆದುಹಾಕಿ. ನಮ್ಮದೂ ಒಡೆದುಹಾಕಿ!" ತನ್ನ ಮನೆಯನ್ನು ಒಡೆಯಿರಿ ಎಂದು ಗೋಗರೆಯುವ ಹೆಂಗಸನ್ನು ಮ್ಯಾನೇಜರು ಅದೇ ಮೊದಲು ನೋಡಿದ್ದಿರಬೇಕು, ಅವನಿಗೆ ನಗು ತಡೆಯಲಾಗಲಿಲ್ಲ.

ಮೇಡಂ ನಗಲಿಲ್ಲ. "ಅವತ್ತು ಒಂದು ಹೇಳಿ ಇವತ್ತು ಒಂದು ಹೇಳಿದ್ರೆ ನಾನು ಯಾವುದನ್ನ ನಂಬಲಿ? ಕಟ್ಟೋದನ್ನ ನೋಡಿದವರು ಯಾರಾದ್ರೂ ಇದ್ರೆ ಹೇಳಲಿ. ನಾನೇ ಬದಲಾಯಿಸ್ತೀನಿ."

ಟೈಲರಮ್ಮ ಓರಗಿತ್ತಿಯ ಬಾಗಿಲಿಗೆ ಓಡಿದಳು. ಎಷ್ಟೋ ವರ್ಷದ ಮೇಲೆ ಮೊದಲ ಸಲ ಅವಳ ಕೈ ಹಿಡಿದಳು. "ನೀನೂ ಇಟ್ಟಿಗೆ ಹೊತ್ತಿದ್ದೀಯಲ್ಲೇ ತಂಗಿ. ಬಂದು ಒಂದು ಮಾತು ಹೇಳೇ."

ಓರಗಿತ್ತಿ ಇಸ್ತ್ರಿಪೆಟ್ಟಿಗೆಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ಎದ್ದು ಬಂದಳು. ಮೇಡಂ ಮುಂದೆ ನಿಂತು ಒಂದೊಂದೇ ಮಾತನ್ನು ಮಡಿಸಿಟ್ಟಂತೆ ಹೇಳಿದಳು. "ನಾನು ಸೊಸೆಯಾಗಿ ಬಂದಾಗಲೇ ಇದು ಹೀಗೇ ಇತ್ತು ಮೇಡಂ. ಅನಾದಿ ಕಾಲದ್ದು. ಅಕ್ಕನೇ ಹೇಳಿದ್ರಲ್ಲ ನಿಮಗೆ."

ಉಳಿದವನು ಒಬ್ಬನೇ. ಮೇಡಂ ಮಂಚದ ಬಳಿ ಬಗ್ಗಿದಳು. "ಬುದ್ಧಿ ಇಲ್ಲ ಅಂತ ಈಯಮ್ಮನೇ ನಿಮ್ಮ ರೆಕಾರ್ಡಿಂಗಲ್ಲಿ ಹೇಳಿಲ್ವಾ ಮೇಡಂ," ಎಂದ ಮ್ಯಾನೇಜರಿನ ಮಾತಿಗೆ ಅವಳು ಕಿವಿಗೊಡಲಿಲ್ಲ. "ಎಲ್ಲ ಗೊತ್ತಾಗುತ್ತೆ ಮೇಡಂ ಅವರಿಗೆ," ಎಂದು ಟೈಲರಮ್ಮ ಬಿಕ್ಕಿದಳು. "ಹೌದಾದ್ರೆ ಬೆರಳು ಎತ್ತುತ್ತಾರೆ. ಅಲ್ಲ ಅಂದ್ರೆ ಕಣ್ಣು ಮುಚ್ಚುತ್ತಾರೆ. ರೀ, ಬೆರಳು ಎತ್ತಿ. ನಿಮ್ಮ ದಮ್ಮಯ್ಯ, ಬೆರಳು ಎತ್ತಿ."

"ಯಜಮಾನ್ರೇ, ಈ ಕಮಾನು ನೀವು ಕಟ್ಟಿದ್ದಾ?"

ಅವನು ಕಮಾನನ್ನು ಒಂದು ಸಲ ಬುಡದಿಂದ ತುದಿಯವರೆಗೆ ನೋಡಿದ. ಹೆಂಡತಿಯನ್ನು ನೋಡಿದ. ಆಮೇಲೆ ಕಣ್ಣು ಮುಚ್ಚಿದ. ಮೇಡಂ ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆ ಕೇಳಿದಳು. ಅವರು ಅಂಗಳ ದಾಟಿ ಹೋಗುವವರೆಗೂ ಅವನು ಕಣ್ಣು ತೆರೆಯಲಿಲ್ಲ. ತೆರೆದ ಮೇಲೆ ಆ ಕಣ್ಣಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ.

ಊರಾಚೆ ಮೆಟ್ಟಿಲ ಕೆಳಗಿನ ಒಂದು ಕೋಣೆ ಸಿಕ್ಕಿತು. ಮಂಚ ಹಾಕಿದರೆ ಹೊಲಿಗೆ ಯಂತ್ರ ಹಿಡಿಸುವುದಿಲ್ಲ, ಯಂತ್ರ ಇಟ್ಟರೆ ಮಂಚ ಹಿಡಿಸುವುದಿಲ್ಲ. ಯಂತ್ರವನ್ನು ಮಾರಿದಳು. ಸಾಮಾನು ಸಾಗಿಸುವ ಆಳುಗಳು ಬಂದು, ಪಾತ್ರೆ ಪಡಗ ಗಾಡಿಗೇರಿಸಿ, ಕೊನೆಗೆ ಗಂಡನನ್ನು ಮಂಚದ ಸಮೇತ ಎತ್ತಿದರು. ಹೊರಗೆ ಕುದುರೆ ಆಗಲೇ ಬಂದಿತ್ತು. ಮೈಗೆಲ್ಲ ಪ್ಲಾಸ್ಟಿಕ್ ಸುತ್ತಿಸಿಕೊಂಡು, ಇವರು ಜಾಗ ಬಿಡುವುದನ್ನೇ ಕಾಯುತ್ತ ನಿಂತಿತ್ತು.

ಮಂಚ ಕಮಾನಿನ ಕೆಳಗೆ ಬಂದಾಗ ಅವನ ಎಡಗೈ ನಿಧಾನವಾಗಿ ಮೇಲೆದ್ದಿತು. ತೋರುಬೆರಳು ಇಟ್ಟಿಗೆಗಳ ಕಡೆ ನೆಟ್ಟಗೆ ನಿಂತಿತು. ಆಳುಗಳು ಗಾಬರಿಯಾಗಿ ನಿಂತರು. "ಏನಮ್ಮ, ಯಜಮಾನ್ರು ಏನೋ ಹೇಳ್ತಿದ್ದಾರೆ?"

ಉತ್ತರ ಬಂದದ್ದು ಪಕ್ಕದ ಬಾಗಿಲಿನಿಂದ. ಓರಗಿತ್ತಿ ತುಂಬಿದ ಲೋಟ ಹಿಡಿದು ಆಗಲೇ ಅಲ್ಲಿ ನಿಂತಿದ್ದಳು.

"ತಗೊಳ್ಳಿ ಅಕ್ಕ," ಎಂದಳು. "ಭಾವ ನೀರು ಕೇಳ್ತಿದ್ದಾರೆ."