ಬೆಳ್ಳಿಬಣ್ಣದ ಚೈನು

"ಏ ಸೂಳಿಮಗನ, ದೂರ ನಿಂದ್ರು. ಗ್ರೀಸಿನ ಕೈ ತಗೊಂಡು ಗಾದಿಗೆ ಬರ್ತಿಯಲ್ಲ, ಈ ಚಾದರ ನಿಮ್ಮಪ್ಪ ಒಗದು ಕೊಡ್ತಾನೇನು?"

ಗುಡ್ಡಪ್ಪ ಹಿಂದೆ ಸರಿದು ಹೊಸ್ತಿಲ ಆಚೆ ನಿಂತ. ಪರಮೇಶಪ್ಪ ಸಾವಕಾರ ಬಿಳಿ ಚಾದರ ಹಾಸಿದ ಗಾದಿಯ ಮೇಲೆ ಲೋಡಿಗೊರಗಿ, ಮೆಣಸಿನಕಾಯಿಯೊಂದನ್ನು ಮುರಿದು ಮೂಸುತ್ತಿದ್ದ. ಬ್ಯಾಡಗಿ ಪೇಟೆಯ ಆ ದಲಾಲಿ ಅಂಗಡಿ ಅವನದು. ಹಿಂದಿನ ಕೋಲ್ಡ್ ಸ್ಟೋರೇಜೂ ಅವನದು, ಅದರೊಳಗೆ ಚೀಲ ಎತ್ತುವ ಫೋರ್ಕ್‌ಲಿಫ್ಟೂ ಅವನದು. ಅದನ್ನು ನಡೆಸುವ ಗುಡ್ಡಪ್ಪನೂ ಆ ಲೆಕ್ಕದಲ್ಲೇ ಬರುತ್ತಾನೆಂದು ಅವನು ತಿಳಿದಿದ್ದ.

"ಚೈನಿಂದು ಹೇಳಾಕ ಬಂದೇನ್ರಿ."

"ಮತ್ತ ಚೈನು? ಅಮಾಸಿಗೆ ತಂದು ಹಾಕೇವಲ್ಲೋ."

"ಅದು ಗುಜರಿ ಮಾಲ್ರಿ. ಒಂದು ಕಡಿ ಪಟ್ಟಿ ಸೀಳೈತಿ. ಎತ್ತುವಾಗ ಲಟ್ ಅಂತೈತಿ. ಎರಡೂ ಕಡಿಗಿ ಹೊಸಾ ಜೋಡಿ ತರಸ್ರಿ."

ಫೋರ್ಕು ಎತ್ತುವ ಎರಡು ಚೈನುಗಳಲ್ಲಿ ಎಡಗಡೆಯದು ಸವೆದು ಉದ್ದವಾದಾಗ ಸಾವಕಾರ ರಾಣೆಬೆನ್ನೂರಿನ ಗುಜರಿಯಿಂದ ಇನ್ಯಾವುದೋ ಯಂತ್ರದ್ದನ್ನು ಬಿಚ್ಚಿಸಿ ತಂದಿದ್ದ. ಅಗಲ ಸರಿಹೋಯಿತು, ಅಷ್ಟೇ ಸಾಕಾಯಿತು. ಅದು ಎಷ್ಟು ಭಾರಕ್ಕೆ ಮಾಡಿದ್ದೆಂದು ಯಾರೂ ಕೇಳಲಿಲ್ಲ. ತುಕ್ಕು ಕಾಣಬಾರದೆಂದು ಬೆಳ್ಳಿಬಣ್ಣ ಬಳಿಸಿ, ಅರಿಶಿನ ಕುಂಕುಮ ಏರಿಸಿ, ಕಾಯಿ ಒಡೆದು ಹಾಕಿಸಿದ್ದ. ಎಣ್ಣೆ ಇಳಿಯಬೇಕಾದ ಸಂದುಗಳಲ್ಲಿ ಬಣ್ಣ ಇಳಿದು ಗಟ್ಟಿಯಾಯಿತು. ಗಾಡಿಯ ಕಂಬದ ತುದಿಯ ಗಾಲಿಯ ಮೇಲೆ ಬಾಗಬೇಕಾದಲ್ಲಿ ಚೈನು ಕೋಲಿನಂತೆ ಸೆಟೆಯುತ್ತಿತ್ತು. ಬಣ್ಣ ಎದ್ದ ಕಡೆ ಈಗ ಕೂದಲೆಳೆಯಂಥ ಬಿರುಕು ಕಾಣುತ್ತಿತ್ತು.

"ಪೂಜಿ ಮಾಡಿದ್ದಕ್ಕ ಹೆಸರಿಡಬ್ಯಾಡ. ಸೀಜನ್ ಮುಗೀಲಿ, ನೋಡೂಣು."

"ಚೀಲ ಬಿದ್ರ ಬೀಳ್ಲಿ ಬಿಡ್ರಿ. ಫೋರ್ಕಿನ ಮ್ಯಾಲ ಚೀಲಾ ಹೊಲಿಯೂ ಭರಮವ್ವನ್ನ ಹತ್ತಸಾಕತ್ತೇವಿ."

"ಆಕಿ ಎಷ್ಟು ತೂಕ ಅದಾಳಲೇ? ಒಂದು ಚೀಲದಷ್ಟೂ ಇಲ್ಲ."

ಗುಮಾಸ್ತ ರುದ್ರಮುನಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. ಗುಡ್ಡಪ್ಪ ತಿರುಗಿ ನಡೆದ. ಹೇಳಿ ಹೇಳಿ ಅವನ ನಾಲಿಗೆಯೂ ಸವೆದಿತ್ತು.

ಕೋಲ್ಡ್ ಸ್ಟೋರೇಜಿನೊಳಗೆ ಥಂಡಿ ಎಲುಬಿಗೆ ಇಳಿಯುತ್ತಿತ್ತು. ಮೇಲಿನ ಸಾಲಿನಲ್ಲಿ ಹರಿದ ಚೀಲಗಳನ್ನು ಅಲ್ಲೇ ಹೊಲಿಯಬೇಕು, ಏಣಿ ಇಲ್ಲ. ಫೋರ್ಕಿನ ಮೇಲೊಂದು ಹಲಗೆ ಇಟ್ಟು ಭರಮವ್ವನನ್ನು ಕೂರಿಸಿ ಎತ್ತುವುದು ರೂಢಿ. ತಲೆಗೆ ಗೋಣಿತಾಟು ಸುತ್ತಿಕೊಂಡು, ದಬ್ಬಣಕ್ಕೆ ಸುತಳಿ ಪೋಣಿಸಿಕೊಂಡು ಅವಳು ಆಗಲೇ ಹಲಗೆ ಏರಿದ್ದಳು.

"ಲಗೂ ಎತ್ತೋ ತಮ್ಮಾ, ಕೈ ಸೆಟದಾವು."

"ಇವತ್ತ ಬ್ಯಾಡಬೇ ಅಕ್ಕಾ."

"ಬ್ಯಾಡಂದ್ರ ಪಗಾರ ನೀ ಕೊಡ್ತೀ? ನಾ ಹತ್ತಲಿಲ್ಲಂದ್ರ ಹೊಳಿಯವ್ವನ್ನ ಹತ್ತಸ್ತಾರ. ಆಕಿ ಬಸರಿ." ಅವಳು ಸೆರಗು ಬಿಗಿದುಕೊಂಡಳು. "ಎತ್ತು. ಬಿದ್ರ ಮೆಣಸಿನಕಾಯಿ ಮ್ಯಾಲೇ ಬೀಳ್ತೇನಿ. ಲುಕ್ಸಾನ ಸಾವಕಾರಂದ."

ಗುಡ್ಡಪ್ಪ ಎತ್ತಿದ. ಹಲಗೆ ಆಳೆತ್ತರ ದಾಟಿತು. ಸೆಟೆದ ಕಡೆ ಗಾಲಿಗೆ ಸಿಕ್ಕು ಚೈನು ನಿಂತಿತು, ಮರುಕ್ಷಣ ಲಟ್ಟನೆ ಜಾರಿತು. ಹಲಗೆ ಎಡಕ್ಕೆ ವಾಲಿತು. ಭರಮವ್ವ ಗಾಡಿಯ ಕಂಬವನ್ನು ತಬ್ಬಿಕೊಂಡಳು. ದಬ್ಬಣ ಕೆಳಗೆ ಬಿದ್ದು ಟಿಣ್ಣೆಂದಿತು.

ಅವನು ಉಸಿರು ಹಿಡಿದು ಮೆಲ್ಲಗೆ ಇಳಿಸಿದ. ಅವಳು ಮೊಣಕಾಲೂರಿ, "ದಬ್ಬಣ ಎಲ್ಲಿ ಹೋತೋ, ದಬ್ಬಣ" ಎಂದು ನೆಲ ತಡವತೊಡಗಿದಳು.

ರುದ್ರಮುನಿ ಬಾಗಿಲಲ್ಲಿ ಬಂದು ನಿಂತ. "ಯಾಕ ಇಳಸೀದಿ? ಲಾರಿ ಕಾಯಾಕತ್ತೈತಿ. ಈ ಮುದುಕಿ ಕೈಲಿ ಆಗೂದಿಲ್ಲಂದ್ರ, ಹೊಳಿಯವ್ವ, ನೀ ಹತ್ತು."

ಹೊಳಿಯವ್ವ ಮೂಲೆಯಲ್ಲಿ ಕಸಬರಿಗೆ ಇಟ್ಟಳು. ಎದುರು ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. ಒಂದು ಕೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡು ಹಲಗೆಯತ್ತ ಬಂದಳು.

ಗುಡ್ಡಪ್ಪ ಗಾಡಿ ಬಂದ್ ಮಾಡಿದ. ಕೆಳಗಿಳಿದು, ಸೀಟಿನಡಿಯಿಂದ ಪಾನಾ, ಸುತ್ತಿಗೆ ತೆಗೆದ.

"ಏನ್ ಮಾಡಾಕತ್ತೀದಿ?" ಎಂದ ರುದ್ರಮುನಿ.

ಗುಡ್ಡಪ್ಪ ನಟ್ಟು ಸಡಿಲಿಸಿ, ಪಿನ್ನು ಬಡಿದು ಚೈನು ಎಳೆದುಕೊಂಡ. ಭರಮವ್ವನಿಗೆ ಅರ್ಥವಾಯಿತು. "ಬ್ಯಾಡೋ ತಮ್ಮಾ, ಮನಿಯಾಗ ಹುಡುಗ್ರು ಅದಾವು ನಿನಗ" ಎಂದಳು. ಅವನು ಬಿರುಕಿನ ಜಾಗವನ್ನು ಬಾಗಿಲ ಬುಡದ ಕಬ್ಬಿಣದ ಪಟ್ಟಿಯ ಮೇಲಿಟ್ಟು ಹೊಡೆದ. ಮತ್ತೆ ಹೊಡೆದ. ಚೈನು ಎರಡು ತುಂಡಾಯಿತು.

ಎರಡನ್ನೂ ಹೆಗಲಿಗೆ ಹಾಕಿಕೊಂಡು ಅಂಗಳ ದಾಟಿದ. ಹೊಸ್ತಿಲಲ್ಲಿ ನಿಲ್ಲಲಿಲ್ಲ. ಗಾದಿಯವರೆಗೆ ಹೋಗಿ, ಸಾವಕಾರನ ಕಾಲ ಮುಂದೆ, ಬಿಳಿ ಚಾದರದ ಮೇಲೆ ಇಳಿಸಿದ. ಒಂದೆರಡು ಕೊಂಡಿಗಳಿಗೆ ಕುಂಕುಮ ಇನ್ನೂ ಅಂಟಿತ್ತು. ಕರಿ ಗ್ರೀಸು ಚಾದರದೊಳಗೆ ನಿಧಾನಕ್ಕೆ ಹಬ್ಬಿತು.

ಸಾವಕಾರ ಗಾದಿಯ ಮೇಲೆಯೇ ಎದ್ದು ನಿಂತ. "ಸೂಳಿಮಗನ, ನಾಳಿಂದ ಈ ಕಂಪೌಂಡಿನ್ಯಾಗ ಕಾಲಿಟ್ಟೀ ಅಂದ್ರ ಮುರೀತೇನಿ. ಹಾವೇರಿಯಿಂದ ಬ್ಯಾರೆ ಡ್ರೈವರ್‌ನ ಕರಸ್ತೇನಿ."

"ಕರಸ್ರಿ. ಬರೂವಾಗ ಚೈನೂ ತರಾಕ ಹೇಳ್ರಿ. ಇದಂತೂ ಮತ್ತ ಕೂಡೂದಿಲ್ಲ."

ಹೊರಗೆ ತೊಟ್ಟಿಯಲ್ಲಿ ಕೈ ತೊಳೆದ. ಜಿಡ್ಡು ಹೋಗಲಿಲ್ಲ, ಉಗುರ ಸಂದಿನ ಖಾರ ಮಾತ್ರ ಉರಿಯಿತು. ನಾಳೆಯೋ ನಾಡಿದ್ದೋ ಹೊಸ ಚೈನು ಬರುತ್ತದೆ, ಸೀಟಿನ ಮೇಲೆ ಬೇರೊಬ್ಬ ಕೂರುತ್ತಾನೆ ಎಂಬುದು ಅವನಿಗೆ ತಿಳಿದಿತ್ತು. ಮನೆಯಲ್ಲಿ ಏನೆಂದು ಹೇಳಬೇಕೋ ತಿಳಿದಿರಲಿಲ್ಲ.

ಹೋಗುವ ಮುಂಚೆ ಒಮ್ಮೆ ಒಳಗೆ ಇಣುಕಿದ. ಗಾಡಿ ಮುಂದಕ್ಕೆ ಕೈ ಚಾಚಿ ಸತ್ತಂತೆ ನಿಂತಿತ್ತು. ಭರಮವ್ವನಿಗೆ ದಬ್ಬಣ ಸಿಕ್ಕಿತ್ತು. ನೆಲಕ್ಕಿಳಿದ ಹಲಗೆಯ ಮೇಲೆ ಹೊಳಿಯವ್ವ ಕಾಲು ಚಾಚಿ ಕುಳಿತಿದ್ದಳು. ಬೆಳಿಗ್ಗೆಯಿಂದ ಅವಳು ಕುಳಿತಿದ್ದು ಇದೇ ಮೊದಲು.