ಸಂಘದ ನಂಬರು

ಆಳಂದದ ರಕ್ತದಾನಿಗಳ ಸಂಘಕ್ಕೆ ಇದ್ದದ್ದು ಒಂದೇ ಫೋನು. ಆ ನಂಬರಿನಿಂದ ಕರೆ ಹೋದರೆ ಸಾಕು, ಸರಸಂಬಾದ ರೈತ ಕುಂಟೆ ಬಿಟ್ಟು ಬರುತ್ತಿದ್ದ, ಚೌಡಾಪುರದ ಅಂಗಡಿಕಾರ ಗಿರಾಕಿಯನ್ನು ನಿಲ್ಲಿಸಿ ಬರುತ್ತಿದ್ದ. ಫೋನು ನೋಡಿಕೊಳ್ಳುತ್ತಿದ್ದವಳು ತಬಸ್ಸುಮ.

ಅವಳಿಗೊಂದು ಚಟ. ಸುತ್ತಮುತ್ತ ಯಾವ ಸಂಸ್ಥೆಗೆ ಫೋನಿನಲ್ಲಿ ಮೋಸವಾದರೂ ಕೇಳಿ ತಿಳಿದು, ಒಂದರ ಪಕ್ಕ ಒಂದಿಟ್ಟು ನೋಡುವುದು. ಬೇಸಿಗೆಯಲ್ಲಿ ಜೇವರ್ಗಿಯ ಒಂದು ಶಾಲೆಗೆ ಮೋಸ ಕರೆಂಟ್ ಬಿಲ್ಲಿನ ವೇಷದಲ್ಲಿ ಬಂದಿತ್ತು. ಬಿತ್ತನೆ ಹೊತ್ತಿಗೆ ಅಫಜಲಪುರದ ರೈತಸಂಘಕ್ಕೆ ಬೆಳೆವಿಮೆಯ ವೇಷದಲ್ಲಿ.

“ಅಣ್ಣಾರ, ಕಳ್ಳ ಹಂಗಾಮ ನೋಡಿ ಅಂಗಿ ಬದಲಸಾಕತ್ತಾನ,” ಎಂದು ಅಧ್ಯಕ್ಷ ಗುರುಪಾದನಿಗೆ ಹೇಳಿದಳು. “ಈಗ ಲಗ್ನದ ಹಂಗಾಮ. ಈ ಫೋನಿಗೆ ಬಂದ ಲಗ್ನಪತ್ರಿಕಿ ತೆರಿಬ್ಯಾಡ್ರಿ.”

“ನಮ್ಮ ಹತ್ರ ಕದಿಯಾಕ ಏನೈತಿ ತಂಗಿ? ರಕ್ತ ಕುಡಿಯಾಕ ಅಂವೇನು ತಗಣಿ ಏನು?”

“ನಂಬಿಗಿ ಐತ್ರಿ. ನಮ್ಮ ನಂಬರಿನಿಂದ ಹೋದದ್ದನ್ನ ಎಲ್ಲಾರೂ ತೆರಿತಾರ. ಅಂವಗ ಬೇಕಾದದ್ದೂ ಅದs.”

ಗುರುಪಾದ ನಕ್ಕ. ದಾನಿಗಳ ಮನೆಯ ಒಂದು ಲಗ್ನವನ್ನೂ ಅವನು ತಪ್ಪಿಸಿದವನಲ್ಲ. ಕರೆದಾಗ ಹೋಗದಿದ್ದರೆ, ನಾವು ಕರೆದಾಗ ಯಾರು ಬರುತ್ತಾರೆ ಎನ್ನುವುದು ಅವನ ಲೆಕ್ಕ. ಹಾಗಾಗಿ ಒಬ್ಬ ದಾನಿಯ ನಂಬರಿನಿಂದ ಸಂಘದ ಫೋನಿಗೆ ಪತ್ರಿಕೆ ಬಂದಾಗ ಒತ್ತಿಯೇಬಿಟ್ಟ. ಪತ್ರಿಕೆ ಕಾಣಲಿಲ್ಲ. ಫೋನು ಏನೇನೋ ಒಪ್ಪಿಗೆ ಕೇಳಿತು. ಎಲ್ಲಕ್ಕೂ ಹೂಂ ಅಂದ.

ಬೆಳಗಾಗುವುದರೊಳಗೆ ಅದೇ ಪತ್ರಿಕೆ ಸಂಘದ ನಂಬರಿನಿಂದ ಎಲ್ಲ ದಾನಿಗಳಿಗೂ ಹೋಗಿತ್ತು. ತೆರೆದವರ ಬ್ಯಾಂಕ್ ಖಾತೆಗಳು ಬರಿದಾದವು. ಪೊಲೀಸರಿಗೆ ದೂರು ಕೊಟ್ಟು ಫೋನನ್ನು ಸ್ವಚ್ಛ ಮಾಡಿಸಿದ್ದಾಯಿತು. ಜನ ಮಾತ್ರ ಆ ನಂಬರನ್ನು ಬ್ಲಾಕ್ ಮಾಡಿ ಕೂತರು.

ಆ ವಾರವೇ ಮುದುಕಿ ಪ್ಯಾರಿಬಿ ತನ್ನ ಮೊಮ್ಮಗಳು ನೂರೀನಳನ್ನು ಸೊಂಟದ ಮೇಲೆ ಹೊತ್ತು ಸಂಘದ ಕಚೇರಿಗೆ ತಂದಳು. ಹುಟ್ಟಿದಾಗಿನಿಂದ ತಿಂಗಳು ತಿಂಗಳು ಬೇರೆಯವರ ರಕ್ತದ ಮೇಲೆ ಬದುಕಿದ ಕೂಸು, ತುಟಿ ಬೂದಿಯಾಗಿತ್ತು. ಅವಳ ಗುಂಪಿನ ರಕ್ತ ಊರ ದವಾಖಾನೆಯಲ್ಲಿರಲಿಲ್ಲ. ಸಂಘದ ಫೋನಿನಿಂದ ತಬಸ್ಸುಮ ಮಾಡಿದ ಕರೆ ಒಬ್ಬ ದಾನಿಗೂ ತಾಗಲಿಲ್ಲ. ಕೊನೆಗೆ ತನ್ನ ಸ್ವಂತ ಫೋನಿನಿಂದ ಅದೇ ಗುಂಪಿನ ರಕ್ತದವನಾದ ಸರಸಂಬಾದ ರೈತ ಮಾಳಿಂಗನಿಗೆ ಹಚ್ಚಿದಳು.

“ಮಾಳಿಂಗಣ್ಣಾ, ನಾ ತಬಸ್ಸುಮ. ನೂರೀನಗ ರಕ್ತ ಬೇಕಾಗೇದ.”

“ಈಗ ದನಿ ಸುದ್ದಾ ಕದಿತಾರಂತ. ನೀವು ತಬಸ್ಸುಮ ಅನ್ನಾಕ ಏನ್ರಿ ಗ್ಯಾರಂಟಿ? ನಮ್ಮವ್ವನ ಆಪರೇಶನ್ನಿಗೆ ಇಟ್ಟ ರೊಕ್ಕ ನಿಮ್ಮ ಪತ್ರಿಕೀನs ನುಂಗೇದ.”

“ಹೋದ ಸಲ ರಕ್ತ ಕೊಟ್ಟು ಚಾ ಬ್ಯಾಡಂದಿ, ಕಬ್ಬಿನ ಹಾಲು ಕುಡದಿ. ನಾನs ತಂದುಕೊಟ್ಟಿದ್ನಲ್ಲೋ!”

“ಅದರ ಫೋಟೋ ನೀವs ಗ್ರೂಪಿನ್ಯಾಗ ಹಾಕಿದ್ರಿ. ಜಗತ್ತೆಲ್ಲಾ ನೋಡೇದ. ತಪ್ಪು ತಿಳಿಬ್ಯಾಡ್ರಿ ಅಕ್ಕಾ, ನೀವು ಖರೇನ ಅಕ್ಕ ಇದ್ರ.” ಫೋನು ಇಟ್ಟುಬಿಟ್ಟ.

ಗುರುಪಾದ ಎದ್ದು ನಿಂತ. “ನಾನs ಹೋಗಿ ಅಂವನ ಕಾಲು ಹಿಡಿತೇನಿ.”

“ಬ್ಯಾಡ ಸಾಬ್,” ಎಂದಳು ಪ್ಯಾರಿಬಿ. “ಅಂವ ಬರ್ತಾನೋ ಇಲ್ಲೋ. ಅಲ್ಲೀತನಕಾ ಕೂಸು ತಡಿಯಂಗಿಲ್ಲ. ಕಲಬುರಗಿಗೆ ಹೋಗ್ತೀವಿ.”

“ಅಲ್ಲಿ ಯಾರದಾರ ನಿಮಗ?”

“ಇಲ್ಲಿ ಯಾರದಾರ?”

ತಬಸ್ಸುಮ ಅಜ್ಜಿ-ಮೊಮ್ಮಗಳ ಜೊತೆಗೇ ಬಸ್ಸು ಹತ್ತಿದಳು. ದಾರಿಯ ಕಡಗಂಚಿ ದಾಟುವವರೆಗೂ ಒಬ್ಬೊಬ್ಬ ದಾನಿಗೂ ಹಚ್ಚುತ್ತಲೇ ಇದ್ದಳು. ಕೂಸು ಅವಳ ತೊಡೆಯ ಮೇಲೆ ತಲೆಯಿಟ್ಟು ಫೋನನ್ನೇ ನೋಡುತ್ತಿತ್ತು.

“ಯಾರೂ ಎತ್ತವಲ್ರೇನು, ಆಪಾ?”

“ಎತ್ತತಾರ. ನೀ ಮಕ್ಕೋ,” ಎಂದು ತಬಸ್ಸುಮ ಅದರ ಕಣ್ಣ ಮೇಲೆ ಅಂಗೈ ಇಟ್ಟಳು. ಹಣೆ ತಣ್ಣಗಿತ್ತು.