ಎಡಬದಿಯ ಜಾಗ

ಆ ಮುಂಜಾನೆ ಹುಬ್ಬಳ್ಳಿಯ ಮೇಲೆ ಮೋಡ ಕವಿದಿತ್ತು. ಮಳೆ ಬರಲಿಲ್ಲ, ಬಿಸಿಲೂ ಬೀಳಲಿಲ್ಲ. ಶಿವನೇ ಇನ್ನೂ ಯೋಚನೆಯಲ್ಲಿದ್ದಾನೇನೋ ಎಂಬಂಥ ಬೆಳಕು. ಆಸ್ಪತ್ರೆಯ ಮಂಚದ ಮೇಲೆ ಕುಳಿತಿದ್ದ ನೀಲಗಂಗವ್ವ ಕೊರಳ ದಾರಕ್ಕೆ ಕೈ ಹಾಕಿ ನನ್ನನ್ನು ಮೈಯಿಂದ ತೆಗೆದಳು. ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಯಾಕೆಂದು ನನಗೆ ತಿಳಿಯಲಿಲ್ಲ.

ನಾನು ಒಂದು ಬೆಳ್ಳಿಯ ಕರಡಿಗೆ. ಇಷ್ಟಲಿಂಗವನ್ನು ಒಳಗಿಟ್ಟುಕೊಂಡು ಮನುಷ್ಯರ ಮೈಮೇಲೆ ಇರುವುದೇ ನನ್ನ ಬಾಳು. ಗದಗಿನ ಪತ್ತಾರನೊಬ್ಬ ಇದ್ದಿಲ ಬೆಂಕಿಯಲ್ಲಿ ಕಾಯಿಸಿ, ಬಡಿದು, ನನ್ನನ್ನು ಗುಂಡಗೆ ಮಾಡಿದ. ಮೊದಲು ನಾನು ನೀಲಗಂಗವ್ವನ ಅತ್ತೆಯ ಕೊರಳಲ್ಲಿದ್ದೆ. ಆ ಹಿರಿಯ ಜೀವ ಲಿಂಗೈಕ್ಯವಾದಾಗ ಅವಳ ಲಿಂಗ ಅವಳ ಜೊತೆಯಲ್ಲೇ ಮಣ್ಣಿಗೆ ಹೋಯಿತು, ನಾನು ಬರಿದಾಗಿ ಹಿಂದೆ ಉಳಿದೆ. ಒಳಗಿದ್ದವರು ಹೋದಮೇಲೆ ಮನೆ ಯಾಕೆ ಉಳಿಯುತ್ತದೆ ಎಂಬುದು ಆಗಲೂ ನನಗೆ ಬಗೆಹರಿದಿರಲಿಲ್ಲ. ಸೊಸೆ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ತನ್ನ ಲಿಂಗವನ್ನು ಒಳಗಿಟ್ಟುಕೊಂಡಳು.

ಗದಗಿನಲ್ಲಿ ಅವಳದೊಂದು ಖಾನಾವಳಿ. ರೊಟ್ಟಿ ಬಡಿಯುವಾಗ ತೂಗಾಡದಿರಲೆಂದು ನನ್ನನ್ನು ಉದ್ದ ದಾರದಲ್ಲಿ ಇಳಿಬಿಟ್ಟು, ಹೊಟ್ಟೆಯ ಎಡಬದಿಗೆ ಸೀರೆಯೊಳಗೆ ಸಿಗಿಸಿಕೊಳ್ಳುತ್ತಿದ್ದಳು. ಆ ಬೆಚ್ಚನೆಯ ಜಾಗ ನನ್ನದು. ಲಿಂಗಪೂಜೆಯಾಗದೆ ಅವಳ ಬಾಯಿಗೆ ಒಂದು ತುತ್ತೂ ಹೋಗುತ್ತಿರಲಿಲ್ಲ.

ಒಂದು ವರ್ಷದಿಂದ ಆ ಜಾಗ ಬದಲಾಗತೊಡಗಿತ್ತು. ಒಮ್ಮೆ ಉಬ್ಬುವುದು, ಒಮ್ಮೆ ಗುಡುಗುವುದು, ಆಮೇಲೆ ನಾಲ್ಕು ದಿನ ಸದ್ದೇ ಇಲ್ಲ. ರಕ್ತ ಬಿದ್ದದ್ದನ್ನು ಅವಳು ಮೂಲವ್ಯಾಧಿ ಎಂದುಕೊಂಡು ಮುಚ್ಚಿಟ್ಟಳು, ಹರಳೆಣ್ಣೆ ಕುಡಿದಳು. ಕೊನೆಗೆ ಹುಬ್ಬಳ್ಳಿಯ ಡಾಕ್ಟರಮ್ಮ ಕ್ಯಾಮೆರಾ ಹಾಕಿ ನೋಡಿ, ದೊಡ್ಡ ಕರುಳಿನ ಎಡಭಾಗದಲ್ಲಿ ಗಡ್ಡೆಯಿದೆ, ಕೊಯ್ದು ತೆಗೆಯಬೇಕು ಎಂದರು. ಕರುಳು ಬಾತಿರುವುದರಿಂದ ಆಗಲೇ ಜೋಡಿಸಿದರೆ ಹೊಲಿಗೆ ನಿಲ್ಲುವುದಿಲ್ಲ. ಅದರ ತುದಿಯನ್ನು ಹೊಟ್ಟೆಯ ಮೇಲೆ ತೆರೆದು ಚೀಲ ಅಂಟಿಸುತ್ತೇವೆ, ಮೈಯಲ್ಲಿ ಶಕ್ತಿ ಬಂದಮೇಲೆ ಜೋಡಿಸುತ್ತೇವೆ ಎಂದು ವಿವರಿಸಿದರು.

ಆಪರೇಷನ್ ಕೋಣೆಯೊಳಗೆ ಮೈಮೇಲೆ ಲೋಹ ಇರಬಾರದಂತೆ. ಲಿಂಗವನ್ನು ನೆಲದ ಮೇಲೆ ಇಡುವಂತಿಲ್ಲ. ಅವಳ ಗಂಡ ಚನ್ನವೀರಪ್ಪ ನನ್ನನ್ನು ತನ್ನ ಲಿಂಗದ ಜೊತೆಗೆ ಕೊರಳಿಗೆ ಹಾಕಿಕೊಂಡ. ಇದು ನಿನ್ನದು, ನನ್ನ ಕಡೆ ಇರೋದು ಬರೀ ಕಾವಲಿಗೆ ಎಂದು ಅವಳಿಗೆ ಹೇಳಿದ. ನಾಲ್ಕು ತಾಸು ನಾನು ಅವನ ಎದೆಯ ಬಡಿತ ಕೇಳುತ್ತಾ ಇದ್ದೆ. ಗಡ್ಡೆ ಪೂರ್ತಿ ಬಂತು, ಯಕೃತ್ತಿಗೆ ಹಬ್ಬಿಲ್ಲ ಎಂದು ಡಾಕ್ಟರಮ್ಮ ಹೇಳಿದಾಗ ಆ ಬಡಿತ ಒಂದು ಕ್ಷಣ ನಿಂತೇ ಹೋಯಿತೇನೋ ಅನ್ನಿಸಿತು. ಒಳ್ಳೆಯ ಸುದ್ದಿಗೆ ಎದೆ ಯಾಕೆ ನಿಲ್ಲಬೇಕು? ನನಗೆ ಅರ್ಥವಾಗಲಿಲ್ಲ.

ಮೂರನೆಯ ದಿನ ಅವನು ನನ್ನನ್ನು ಅವಳ ಬಳಿಗೆ ತಂದ. ಹೊದಿಕೆ ಸರಿದಿತ್ತು. ನನ್ನ ಜಾಗದಲ್ಲಿ ಬೇರೆ ಯಾರೋ ಇದ್ದರು. ಎಡಬದಿಗೆ, ಸರಿಯಾಗಿ ನಾನಿರುತ್ತಿದ್ದಲ್ಲಿ, ಒಂದು ಚೀಲ ಅಂಟಿಕೊಂಡಿತ್ತು.

ನೀಲಗಂಗವ್ವ ಮುಖ ತಿರುಗಿಸಿದಳು. "ತರಬ್ಯಾಡ್ರಿ. ಹೊಲಸ ಹೊತಗೊಂಡ ಮೈ ಇದು. ಲಿಂಗಪ್ಪ ಎಲ್ಲಿ ಇರಬೇಕು ಇಲ್ಲಿ?"

ಲಿಂಗವಿಲ್ಲ, ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಕೇಳಿದವರಿಗೆಲ್ಲ ಹಸಿವಿಲ್ಲ ಎಂದಳು. ಡಾಕ್ಟರಮ್ಮ ಹೊಟ್ಟೆಗೆ ಕಿವಿಗೊಟ್ಟು ಕೇಳಿದರು, ಚೀಲದಲ್ಲಿ ಗಾಳಿ ತುಂಬಿದ್ದನ್ನು ನೋಡಿದರು. ಕರುಳು ಎಚ್ಚರಾಗಿದೆ, ಈಕೆ ಯಾಕೆ ಉಣ್ಣುವುದಿಲ್ಲ ಎಂದು ಅವರಿಗೂ ಗೊಂದಲ. ಹೀಗೇ ಆದರೆ ಗಾಯ ಮಾಯುವುದಿಲ್ಲ, ಕರುಳು ಜೋಡಿಸುವ ಮಾತೂ ಮರೆಯಬೇಕಾಗುತ್ತದೆ ಎಂದು ಎಚ್ಚರಿಸಿದರು. ಸಾವಿರ ಜನಕ್ಕೆ ಉಣಬಡಿಸಿದವಳು ಗಂಜಿಯ ಬಟ್ಟಲನ್ನು ಆಚೆ ಸರಿಸುತ್ತಿದ್ದಳು. ಮೈಯನ್ನು ಕೊಟ್ಟವನೇ ಮೈಗೆ ಹೇಸುತ್ತಾನೆಯೇ? ಕೇಳೋಣವೆಂದರೆ ನನಗೆ ಬಾಯಿಲ್ಲ.

ಐದನೆಯ ದಿನ ಮಧ್ಯಾಹ್ನ ಸಂಗನಬಸಪ್ಪ ಮಾಸ್ತರು ನೋಡಲು ಬಂದರು. ಖಾನಾವಳಿಯ ಹಳೆಯ ಗಿರಾಕಿ, ಒಂಟಿ ಜೀವ. ಬೇಸಿಗೆಯಲ್ಲೂ ಜೋಲು ಅಂಗಿ ತೊಟ್ಟು ಬಾಗಿಲ ಬದಿಯಲ್ಲೇ ಕೂರುವವರು. ಮಾಸ್ತರ ಅಂಗಿಯೊಳಗೆ ಇಬ್ಬರು ಹಿಡಿಸುತ್ತಾರೆ ಎಂದು ನೀಲಗಂಗವ್ವ ಎಷ್ಟು ಸಲ ನಕ್ಕಿದ್ದಳೋ. ಚನ್ನವೀರಪ್ಪ ಸಂಕಟ ತಡೆಯದೆ ಅವರ ಮುಂದೆ ಎಲ್ಲವನ್ನೂ ಹೇಳಿಬಿಟ್ಟ. ಮಾಸ್ತರು ಅಂಗಿಯ ಅಂಚನ್ನು ಮೆಲ್ಲಗೆ ಮೇಲೆತ್ತಿದರು. ಅವರಿಗೂ ಎಡಬದಿಗೆ ಅಂಥದೇ ಚೀಲ.

"ಅಕ್ಕಾರ, ನೀವು ಅಂದದ್ದು ಖರೇನ. ಅಂಗಿಯಾಗ ಇಬ್ಬರ ಇದ್ವಿ, ನಾನೂ ಈ ಚೀಲಾನೂ. ಎಂಟು ವರ್ಷ ನಿಮ್ಮ ಪಂಕ್ತ್ಯಾಗ ಕುಂತು ಉಂಡೀವಿ. ನನ್ನದು ಕೆಳಗಿನ ಕರುಳು, ಜೋಡಸಾಕ ಬರಲಿಲ್ಲ. ನಿಮಗ ಜೋಡಿಸ್ತೀವಿ ಅಂದಾರ."

ನೀಲಗಂಗವ್ವ ಆ ಚೀಲವನ್ನೂ ಅವರ ಮುಖವನ್ನೂ ನೋಡಿದಳು. "ಮತ್ತ ಲಿಂಗ?"

ಮಾಸ್ತರು ಕೊರಳಪಟ್ಟಿಯೊಳಗಿಂದ ತಮ್ಮ ಕರಡಿಗೆಯನ್ನು ಎತ್ತಿ ತೋರಿಸಿದರು. ಅದು ಗಂಟಲಿನ ಕೆಳಗೇ ಇತ್ತು. "ದಾರಾ ಗಿಡ್ಡ ಮಾಡೀನ್ರಿ. ಅವನೇನೂ ಬ್ಯಾಸರ ಮಾಡಿಕೊಂಡಿಲ್ಲ."

ಅವಳ ತುಟಿಯ ಅಂಚು ಸಡಿಲಿತು. "ಅದಕ್ಕೇನ್ರಿ, ದಿನಾ ಇನ್ನೊಂದು ರೊಟ್ಟಿ ಕೇಳ್ತಿದ್ರಿ?" ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ನೀರು ತರ್ರಿ, ಕೈ ತೊಳೀಬೇಕು ಎಂದಳು.

ಏಳು ತಿಂಗಳ ಮೇಲೆ ಆ ಚೀಲ ಹೋಗಿ ಕರುಳು ಜೋಡಣೆಯಾಯಿತು. ಈಗಲೂ ಆರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗಿಬರುತ್ತಾಳೆ. ಎಡಬದಿ ಖಾಲಿಯಿದ್ದರೂ ನಾನು ಅಲ್ಲಿಗೆ ಮರಳಲಿಲ್ಲ, ಅವಳ ಗಂಟಲಿನ ಕೆಳಗೇ ಉಳಿದೆ. ನನ್ನ ಅಂಚು ಸವೆದಿದೆ, ಮುಚ್ಚಳ ಸಡಿಲವಾಗಿದೆ. ಮೈಯಲ್ಲಿ ಯಾವುದು ಮಡಿ, ಯಾವುದು ಮೈಲಿಗೆ ಎಂಬುದು ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿರುವುದು ಮಾಸ್ತರು ಬಂದ ಆ ಮಧ್ಯಾಹ್ನ ಒಂದೇ.

ಹೊರಗೆ ಮೋಡ ಹಾಗೇ ಇತ್ತು. ಅವಳು ಕೈ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ಎಡಗೈ ಚಾಚಿದಳು. ಚನ್ನವೀರಪ್ಪ ನನ್ನನ್ನು ಕೊರಳಿಂದ ತೆಗೆದ. ದಾರವನ್ನು ಗೇಣುದ್ದ ಮಡಚಿ ಗಂಟು ಹಾಕಿದ, ಗಟ್ಟಿಯಿದೆಯೇ ಎಂದು ಒಮ್ಮೆ ಜಗ್ಗಿ ನೋಡಿದ. ಆಮೇಲೆ ಅವಳದನ್ನು ಅವಳ ಅಂಗೈಯಲ್ಲಿ ಇಟ್ಟ.